0.5, 3, 15, 3, 5, 1.2, 0: ಇದು ಯಾರ ಅಳತೆಯ ಅಂಗಿ ಮಾರಾಯ್ರೆ?

ಕಂಪ್ಯೂಟರ್ ವಿಷನ್ ಕೆಲಸ ಮಾಡುವ ಯಾರನ್ನಾದ್ರೂ ನಡುರಾತ್ರಿ ಎಬ್ಬಿಸಿ, "ಫಾರ್ನೆಬ್ಯಾಕ್‌ಗೆ ಏನು ಕೊಡ್ತೀಯ?" ಅಂತ ಕೇಳಿ. ಕಣ್ಣು ಬಿಡದೇ ಹೇಳ್ತಾನೆ: ಸೊನ್ನೆ ಪಾಯಿಂಟ್ ಐದು, ಮೂರು, ಹದಿನೈದು, ಮೂರು, ಐದು, ಒಂದು ಪಾಯಿಂಟ್ ಎರಡು, ಸೊನ್ನೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಯಾಕಪ್ಪಾ ಹದಿನೈದು, ಹನ್ನೊಂದು ಯಾಕಲ್ಲ ಅಂತ ಕೇಳಿ. ಆಗ ಪೂರ್ತಿ ಎಚ್ಚರ ಆಗುತ್ತೆ. ಉತ್ತರ ಮಾತ್ರ ಬರೋದಿಲ್ಲ.

ಈ ಏಳು ಅಂಕಿಗಳ ಮೇಲೆ ನನಗೆ ಸಿಟ್ಟಿದೆ. ಅಂಕಿಗಳು ಪಾಪ, ಅವುಗಳ ತಪ್ಪೇನಿಲ್ಲ. ಸಿಟ್ಟು ಇರೋದು ಅವನ್ನ ಮಂತ್ರದ ಹಾಗೆ ಅಂಟಿಸಿ, ಬಣ್ಣಬಣ್ಣದ ವಿಡಿಯೋ ತೋರಿಸಿ, "ಇದು ಜನಸಂದಣಿ ಸುರಕ್ಷತಾ ವ್ಯವಸ್ಥೆ" ಅಂತ ಮಾರುವವರ ಮೇಲೆ.

ಈ ಕ್ಷೇತ್ರದವರಲ್ಲದ ಓದುಗರಿಗೆ ನಾಲ್ಕು ಮಾತು. ಆಪ್ಟಿಕಲ್ ಫ್ಲೋ ಅಂದ್ರೆ ವಿಡಿಯೋದ ಎರಡು ಪಕ್ಕಪಕ್ಕದ ಚೌಕಟ್ಟುಗಳನ್ನ ಹೋಲಿಸಿ, ಯಾವ ಚುಕ್ಕೆ ಎಲ್ಲಿಗೆ ಸರಿಯಿತು ಅಂತ ಕಂಡುಹಿಡಿಯೋದು. ಕೆಲವು ಗುರುತಿನ ಚುಕ್ಕೆಗಳನ್ನ ಮಾತ್ರ ಹಿಂಬಾಲಿಸಿದ್ರೆ ಅದು ವಿರಳ. ಚಿತ್ರದ ಒಂದೊಂದು ಪಿಕ್ಸೆಲ್‌ಗೂ ಒಂದು ಬಾಣದ ಗುರುತು ಹಾಕಿದ್ರೆ ಅದು ದಟ್ಟ, ಅಂದ್ರೆ ಡೆನ್ಸ್. ಹಾರ್ನ್ ಮತ್ತು ಶುಂಕ್ 1981ರಲ್ಲೇ ಇದಕ್ಕೆ ಗಣಿತ ಹಾಕಿಕೊಟ್ಟಿದ್ರು. ಸ್ವೀಡನ್ನಿನ ಗುನ್ನಾರ್ ಫಾರ್ನೆಬ್ಯಾಕ್ 2003ರಲ್ಲಿ ಇನ್ನೊಂದು ದಾರಿ ತೋರಿಸಿದ್ರು: ಪ್ರತಿ ಪಿಕ್ಸೆಲ್ ಸುತ್ತಲಿನ ಬೆಳಕಿನ ಏರಿಳಿತಕ್ಕೆ ಒಂದು ದ್ವಿಘಾತ ಬಹುಪದೋಕ್ತಿ ಹೊಂದಿಸಿ, ಮುಂದಿನ ಚೌಕಟ್ಟಿನಲ್ಲಿ ಅದೇ ಬಹುಪದೋಕ್ತಿಯ ಗುಣಾಂಕಗಳು ಹೇಗೆ ಬದಲಾದವು ಅನ್ನೋದರಿಂದ ಸರಿದ ದೂರ ಲೆಕ್ಕ ಹಾಕೋದು. ಹತ್ತನೇ ಕ್ಲಾಸಿನ ಬಹುಪದೋಕ್ತಿ ಯಾಕೆ ಬೇಕು ಅಂತ ಮೇಷ್ಟ್ರನ್ನ ಕೇಳಿದವರಿಗೆ ಇದೋ ಉತ್ತರ. ಸೊಗಸಾದ ಕೆಲಸ. ಓಪನ್‌ಸಿವಿ ಅನ್ನೋ ಪುಕ್ಕಟೆ ತಂತ್ರಾಂಶ ಭಂಡಾರದಲ್ಲಿ ಅದು ಒಂದೇ ಸಾಲಿನಲ್ಲಿ ಸಿಗುತ್ತೆ. ಆ ಒಂದು ಸಾಲಿಗೆ ಕೊಡಬೇಕಾದ ಏಳು ಅಂಕಿಗಳ ಕಥೆಯೇ ಇದು.

"ಅವು ಡಿಫಾಲ್ಟ್ ಸರ್, ತಿಳಿದವರು ಇಟ್ಟಿದ್ದು" ಅಂತ ಒಬ್ಬ ಹುಡುಗ ನನಗೇ ಪಾಠ ಹೇಳಿದ. ಡಿಫಾಲ್ಟ್ ಅಲ್ಲ ಸ್ವಾಮಿ. ಆ ಫಂಕ್ಷನ್ನಿಗೆ ಡಿಫಾಲ್ಟೇ ಇಲ್ಲ. ಏಳೂ ನೀವೇ ಕೊಡಬೇಕು, ಕೊಡದಿದ್ರೆ ಬೈಯುತ್ತೆ. ಈ ಏಳು ಬಂದಿರೋದು ಅದರ ಜೊತೆಗಿರುವ ಪಾಠದ ಪುಟದ ಉದಾಹರಣೆಯಿಂದ. ಅಲ್ಲಿರೋದು ಎತ್ತರದ ಕ್ಯಾಮೆರಾದಿಂದ ಹಿಡಿದ, ಹೊರಾಂಗಣದಲ್ಲಿ ಬೆರಳೆಣಿಕೆಯ ಜನ ಆರಾಮವಾಗಿ ಅಡ್ಡಾಡುವ ಒಂದು ಚಿಕ್ಕ ವಿಡಿಯೋ. ಆ ವಿಡಿಯೋಗೆ ಆ ಅಂಕಿ ಚೆನ್ನ. ಇನ್ನೂ ತಮಾಷೆ ಅಂದ್ರೆ, ಅದೇ ಭಂಡಾರದಲ್ಲಿ ಇದೇ ಫಾರ್ನೆಬ್ಯಾಕ್ ಒಂದು ಕ್ಲಾಸ್ ರೂಪದಲ್ಲೂ ಇದೆ, ಅದಕ್ಕೆ ಡಿಫಾಲ್ಟ್‌ಗಳಿವೆ. ಅಲ್ಲಿ ಮಟ್ಟಗಳು 5, ಕಿಟಕಿ 13, ಆವರ್ತನೆ 10, ಸಿಗ್ಮಾ 1.1. ಕೈಪಿಡಿಯೂ 5ರ ನೆರೆಹೊರೆಗೆ ಸಿಗ್ಮಾ 1.1, 7ಕ್ಕೆ 1.5 ಇಡಿ ಅನ್ನುತ್ತೆ, ಪಾಠದವರು 1.2 ಇಟ್ಟಿದ್ದಾರೆ. ಒಂದೇ ಮನೆಯಲ್ಲಿ ಅತ್ತೆಗೆ ಒಂದು ಸಾರು, ಸೊಸೆಗೆ ಒಂದು ಸಾರು. ಇದರಲ್ಲಿ ವೇದವಾಕ್ಯ ಯಾವುದು ಹೇಳಿ?

ನಾನು ಉಡುಪಿ ಕಡೆಯವನು, ಮುಂಬೈಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಡೊಂಬಿವಿಲಿಯಿಂದ ದಾದರಿಗೆ ದಿನಾ ಹೋಗಿಬರುವ ದೇಹ. ಅದಕ್ಕೇ ಈ ವಿಷಯ ನನಗೆ ಕೇವಲ ಕೋಡಿನ ವಿಷಯ ಅಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಲ್ಲಿ, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ 23 ಜನ ಸತ್ರು. ಈಗ ಆ ಸ್ಟೇಷನ್ನಿನ ಹೆಸರು ಪ್ರಭಾದೇವಿ. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ. ಅಲ್ಲಿ ಆಪ್ಟಿಕಲ್ ಫ್ಲೋ ಇದ್ದಿದ್ರೆ ಅವರು ಉಳೀತಿದ್ರು ಅಂತ ನಾನು ಹೇಳೋದಿಲ್ಲ. ಮೆಟ್ಟಿಲು ಅಗಲ ಇಲ್ಲದಿದ್ರೆ, ಗೇಟು ತೆರೆಯದಿದ್ರೆ, ಯಾವ ಬಾಣದ ಗುರುತೂ ಯಾರನ್ನೂ ಉಳಿಸೋದಿಲ್ಲ. ಆದ್ರೆ ಇಂಥ ಪ್ರತಿ ಸಾವಿನ ಹಿಂದೆಯೇ ಕರಪತ್ರ ಹಿಡಿದವರು ಬರ್ತಾರೆ ನೋಡಿ, ಅವರ ಕರಪತ್ರದೊಳಗೆ ಏನಿದೆ ಅಂತ ಕೇಳುವ ಹಕ್ಕು ಆ ಮೆಟ್ಟಿಲು ಹತ್ತುವವರಿಗೆ ಇದೆ.

ಈಗ ಲೆಕ್ಕಕ್ಕೆ ಬನ್ನಿ. ಕಷ್ಟದ್ದೇನಲ್ಲ.

ಮನುಷ್ಯ ಸೆಕೆಂಡಿಗೆ ಸುಮಾರು 1.3 ಮೀಟರ್ ನಡೀತಾನೆ. ಕ್ಯಾಮೆರಾ ಸೆಕೆಂಡಿಗೆ 25 ಚೌಕಟ್ಟು ಹಿಡಿದ್ರೆ, ಒಂದು ಚೌಕಟ್ಟಿಂದ ಇನ್ನೊಂದಕ್ಕೆ 5 ಸೆಂಟಿಮೀಟರ್ ಚಿಲ್ಲರೆ. ಒಂದು ಮೇಲ್ಸೇತುವೆ ಇಟ್ಕೊಳ್ಳಿ. ಕ್ಯಾಮೆರಾದ ಹತ್ತಿರ 1 ಮೀಟರ್ ಅಂದ್ರೆ 120 ಪಿಕ್ಸೆಲ್, ದೂರದ ತುದಿಯಲ್ಲಿ 20 ಪಿಕ್ಸೆಲ್. ಹಾಗಾದ್ರೆ ಹತ್ತಿರದವನು ಚೌಕಟ್ಟಿಗೆ 6 ಪಿಕ್ಸೆಲ್ ಸರೀತಾನೆ, ದೂರದವನು ಒಂದೇ ಒಂದು. ಇಬ್ಬರೂ ಒಂದೇ ವೇಗದಲ್ಲಿ ನಡೀತಿದ್ದಾರೆ! ಇನ್ನು ಸರ್ವರ್ ಮೇಲೆ ಭಾರ ಕಡಿಮೆ ಮಾಡೋಕೆ ಅಂತ ಐದರಲ್ಲಿ ನಾಲ್ಕು ಚೌಕಟ್ಟು ಬಿಸಾಕ್ತಾರಲ್ಲ (ಎಲ್ಲರೂ ಮಾಡ್ತಾರೆ, ಯಾರೂ ಹೇಳಲ್ಲ), ಆಗ ಹತ್ತಿರದವನು 31 ಪಿಕ್ಸೆಲ್ ಜಿಗೀತಾನೆ. ಅಂಕಿಗಳು ಮಾತ್ರ ಅವೇ ಏಳು.

ಮೊದಲ ಎರಡು ಅಂಕಿ, 0.5 ಮತ್ತು 3, ಇಂಥ ಜಿಗಿತಕ್ಕೆ ಅಂತಲೇ ಇರೋದು. ಚಿತ್ರವನ್ನ ಅರ್ಧ, ಮತ್ತೆ ಅರ್ಧ ಮಾಡ್ತಾ ಒಂದು ಪಿರಮಿಡ್ಡು ಕಟ್ಟಿ, ಚಿಕ್ಕ ಚಿತ್ರದಲ್ಲಿ ದೊಡ್ಡ ಜಿಗಿತವನ್ನ ಮೊದಲು ಹಿಡಿದು, ಆಮೇಲೆ ದೊಡ್ಡ ಚಿತ್ರದಲ್ಲಿ ತಿದ್ದೋದು. 31 ಪಿಕ್ಸೆಲ್ ಜಿಗಿತ ಕಾಲುಭಾಗದ ಚಿತ್ರದಲ್ಲಿ 8 ಆಗುತ್ತೆ. ಒಳ್ಳೆಯದೇ. ಆದ್ರೆ ಅದೇ ಕಾಲುಭಾಗದ ಚಿತ್ರದಲ್ಲಿ ದೂರದ ಮನುಷ್ಯನ ಭುಜದಗಲ ಎರಡೂವರೆ ಪಿಕ್ಸೆಲ್. ಆ ಮಟ್ಟದಲ್ಲಿ ಅವನು ಇಲ್ಲವೇ ಇಲ್ಲ. ಅವನ ಚಲನೆ ಅಕ್ಕಪಕ್ಕದವರ ಚಲನೆಯಲ್ಲಿ ಕರಗಿ ಕೆಳಗಿಳಿಯುತ್ತೆ. ಮಟ್ಟ ಜಾಸ್ತಿ ಮಾಡಿದ್ರೆ ಹತ್ತಿರದವನಿಗೆ ಲಾಭ, ದೂರದವನಿಗೆ ನಷ್ಟ. ಇದನ್ನ ಕೂತು ತೂಗಬೇಕಾದವರು ಇಂಜಿನಿಯರು. ತೂಗೋದಕ್ಕೇ ಅಲ್ವಾ ಸಂಬಳ?

ಮೂರನೆಯದು, ಹದಿನೈದು. ವಿನ್‌ಸೈಜ್ ಅನ್ನೋ ಕಿಟಕಿ. ನನ್ನ ಜಗಳದ ಹೊಟ್ಟೆಭಾಗ ಇದೇ, ಸ್ವಲ್ಪ ತಾಳ್ಮೆಯಿಂದ ಓದಿ.

ಒಂದು ಪಿಕ್ಸೆಲ್ ಒಂಟಿಯಾಗಿ ತಾನು ಎಲ್ಲಿಗೆ ಹೋದೆ ಅಂತ ಹೇಳಲಾರದು. ಹಾಗಾಗಿ ಸುತ್ತಲಿನ ಕಿಟಕಿಯಷ್ಟು ಜಾಗದ ಪಿಕ್ಸೆಲ್‌ಗಳೆಲ್ಲ ಒಟ್ಟಿಗೇ ಸರಿದವು ಅಂತ ನಂಬಿ, ಎಲ್ಲಕ್ಕೂ ಹೊಂದುವ ಒಂದು ಉತ್ತರ ತೆಗೀತಾರೆ. ಕಿಟಕಿ ದೊಡ್ಡದಾದಷ್ಟೂ ಗಲಾಟೆ ಕಮ್ಮಿ, ಚಿತ್ರ ನುಣುಪು. ನೋಡೋಕೆ ರೇಷ್ಮೆ ಸೀರೆ ಹಾಗೆ. ಗ್ರಾಹಕನಿಗೆ ಖುಷಿ. ಆದ್ರೆ ಪಕ್ಕಪಕ್ಕ ನಿಂತ ಇಬ್ಬರಲ್ಲಿ ಒಬ್ಬ ಎಡಕ್ಕೆ 2 ಪಿಕ್ಸೆಲ್, ಇನ್ನೊಬ್ಬ ಬಲಕ್ಕೆ 2 ಪಿಕ್ಸೆಲ್ ತಳ್ಳಿಸಿಕೊಂಡ್ರೆ? ಇಬ್ಬರೂ ಒಂದೇ ಕಿಟಕಿಯೊಳಗೆ ಬಿದ್ರೆ ಉತ್ತರ ಸೊನ್ನೆಯ ಹತ್ತಿರ. ಪರದೆ ಮೇಲೆ ಕಪ್ಪು. ಕಪ್ಪು ಅಂದ್ರೆ ಶಾಂತಿ. ದೂರದ ತುದಿಯಲ್ಲಿ ಒಬ್ಬನ ಅಗಲ 10 ಪಿಕ್ಸೆಲ್ ಅಂತ ಆಗಲೇ ಲೆಕ್ಕ ಆಯ್ತು, ಕಿಟಕಿ 15.

ಇದೇನು ಪುಸ್ತಕದ ಬದನೆಕಾಯಿ ಅಂತೀರಾ? 2006ರ ಜನವರಿ 12ರಂದು ಹಜ್ ಯಾತ್ರೆಯಲ್ಲಿ, ಮಿನಾದ ಜಮರಾತ್ ಸೇತುವೆ ಹತ್ತಿರ ಮುನ್ನೂರಕ್ಕೂ ಹೆಚ್ಚು ಜನ ಸತ್ರು. ಅಲ್ಲಿನ ವಿಡಿಯೋಗಳನ್ನ ಡಿರ್ಕ್ ಹೆಲ್ಬಿಂಗ್ ಮತ್ತು ಸಂಗಡಿಗರು ಅಳೆದು 2007ರಲ್ಲಿ ಪ್ರಕಟಿಸಿದ್ರು. ಅವರು ಕಂಡಿದ್ದು ಇಷ್ಟು: ಮೊದಲು ಜನ ಹೊಳೆಯ ಹಾಗೆ ಸಮವಾಗಿ ಹರೀತಾರೆ. ದಟ್ಟಣೆ ಏರಿದಾಗ ನಿಂತು-ಹೊರಟು, ನಿಂತು-ಹೊರಟು ಅಲೆಗಳು ಬರ್ತವೆ. ಆಮೇಲೆ ಪ್ರಕ್ಷುಬ್ಧ ಸ್ಥಿತಿ: ಯಾರ ಕಾಲೂ ಯಾರ ಹಿಡಿತದಲ್ಲೂ ಇಲ್ಲ, ಜನ ಎಲ್ಲ ದಿಕ್ಕಿಗೂ ತಳ್ಳಿಸಿಕೊಳ್ತಾರೆ. ಅಪಾಯದ ಅಳತೆಗೋಲಾಗಿ ಅವರು ಹೇಳಿದ್ದು ದಟ್ಟಣೆಯನ್ನ ವೇಗದ ಏರುಪೇರಿನಿಂದ ಗುಣಿಸಿದ ಒಂದು ಸಂಖ್ಯೆ. ಮತ್ತೆ ಓದಿ, ವೇಗ ಅಲ್ಲ. ವೇಗದ ಏರುಪೇರು. ಅಕ್ಕಪಕ್ಕದವರು ಎಷ್ಟು ಬೇರೆಬೇರೆಯಾಗಿ ಅಲ್ಲಾಡ್ತಿದ್ದಾರೆ ಅನ್ನೋದು.

ಪರ್ಯಾಯದ ರಾತ್ರಿ ನಮ್ಮ ರಥಬೀದಿಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ. ಸಾಯಂಕಾಲ ಆರೂವರೆಗೆ ದಾದರ್ ಸೇತುವೆ ಹತ್ತುವವರಿಗೂ.

ಈಗ ಜೋಡಿಸಿ ನೋಡಿ. ಅಪಾಯದ ಸುಳಿವು ಇರೋದು ಏರುಪೇರಿನಲ್ಲಿ. ಕಿಟಕಿ ಮಾಡೋದು ಏರುಪೇರನ್ನ ನುಣ್ಣಗೆ ಉಜ್ಜುವ ಕೆಲಸ. ಚಿತ್ರ ಚೆನ್ನಾಗಿ ಕಾಣಲಿ ಅಂತ ಯಾರೋ ಒಬ್ಬ ಪುಣ್ಯಾತ್ಮ ಹದಿನೈದನ್ನ ಇಪ್ಪತ್ತೈದು ಮಾಡಿದ್ರೆ, ಅವನು ಉಜ್ಜಿ ಹಾಕಿದ್ದು ಗಲಾಟೆಯನ್ನಲ್ಲ, ಎಚ್ಚರಿಕೆಯ ಗಂಟೆಯನ್ನ. ನಾನು ಇದನ್ನ ಹೇಳಿದಾಗೆಲ್ಲ "ಹಾಗಾದ್ರೆ ಕಿಟಕಿ ಚಿಕ್ಕದು ಮಾಡೋಣ" ಅಂತಾರೆ. ಅಷ್ಟು ಸುಲಭ ಇಲ್ಲ. ಚಿಕ್ಕ ಕಿಟಕಿಯಲ್ಲಿ ಕ್ಯಾಮೆರಾದ ಗಲಾಟೆಯೇ ಏರುಪೇರಾಗಿ ಕಾಣುತ್ತೆ. ದಾರಿಗಳಿವೆ: ಕೊನೆಯ ಅಂಕಿ ಸೊನ್ನೆಯ ಬದಲು ಗಾಸಿಯನ್ ಕಿಟಕಿಯ ಗುರುತು ಕೊಟ್ಟು ನೋಡಬಹುದು, ಅದು ನಿಧಾನ ಆದ್ರೂ ಸಾಮಾನ್ಯವಾಗಿ ಹೆಚ್ಚು ನಿಖರ. ಜಾಗದಲ್ಲಿ ಸರಾಸರಿ ಮಾಡುವ ಬದಲು ಕಾಲದಲ್ಲಿ ಮಾಡಬಹುದು. ಎಲ್ಲಕ್ಕಿಂತ ಮೊದಲು, ದೂರದ ತುದಿಗೆ ಇನ್ನೊಂದು ಕ್ಯಾಮೆರಾ ಹಾಕಬಹುದು. ಅದಕ್ಕೆ ದುಡ್ಡು ಬೇಕು, ಹಾಗಾಗಿ ಆ ಮಾತು ಯಾರ ಕಿವಿಗೂ ಬೀಳೋದಿಲ್ಲ.

ಇನ್ನು ಬಣ್ಣದ ಕಥೆ. ಕೆಲವು ವರ್ಷದ ಹಿಂದೆ ಒಂದು ಕಂಪನಿಯವರ ಪ್ರದರ್ಶನಕ್ಕೆ ನನ್ನನ್ನ ಕರೆದಿದ್ರು. ಹೆಸರು ಬೇಡ. ಹಗಲಿನ ವಿಡಿಯೋ ಚೆನ್ನಾಗಿತ್ತು, ಎಡಕ್ಕೆ ಹೋಗುವವರು ಒಂದು ಬಣ್ಣ, ಬಲಕ್ಕೆ ಇನ್ನೊಂದು. ಎಲ್ಲ ತಲೆದೂಗಿದ್ರು. ನಾನು, ರಾತ್ರಿ ಎರಡು ಗಂಟೆಯದ್ದು ತೋರಿಸಿ, ಮೆಟ್ಟಿಲು ಖಾಲಿ ಇರೋದು ಅಂದೆ. ಹಾಕಿದ್ರು. ಒಂದು ನರಪಿಳ್ಳೆ ಇಲ್ಲದ ಮೆಟ್ಟಿಲು ದೀಪಾವಳಿ ಹಾಗೆ ಝಗಝಗ! ಕೆಂಪು, ಹಸಿರು, ನೀಲಿ. ದೆವ್ವದ ಜಾತ್ರೆ. ಸಭೆಯಲ್ಲಿ ಒಬ್ಬರು "ಇದು ಯಾರು?" ಅಂತ ಗಂಭೀರವಾಗಿ ಕೇಳಿದ್ರು.

ಯಾರೂ ಅಲ್ಲ. ಪಾಠದ ಪುಟದ ಉದಾಹರಣೆಯಲ್ಲಿ ಬಾಣಗಳ ಉದ್ದವನ್ನ ಹೊಳಪಾಗಿ ತೋರಿಸೋಕೆ ಒಂದು ಸಾಲಿದೆ. ಆ ಚೌಕಟ್ಟಿನ ಅತಿ ಚಿಕ್ಕ ಬಾಣಕ್ಕೆ ಸೊನ್ನೆ, ಅತಿ ಉದ್ದದ ಬಾಣಕ್ಕೆ 255. ಪ್ರತಿ ಚೌಕಟ್ಟಿಗೂ ಹೊಸದಾಗಿ. ಅಂದ್ರೆ ಚೌಕಟ್ಟಿನಲ್ಲಿ ಅತಿ ಜೋರು ಚಲನೆ 20 ಪಿಕ್ಸೆಲ್ ಇದ್ರೂ ಪೂರ್ತಿ ಹೊಳಪು, ಕತ್ತಲಲ್ಲಿ ಸೆನ್ಸರಿನ ಗಲಾಟೆಯಿಂದ ಅರ್ಧ ಪಿಕ್ಸೆಲ್ ಅಲ್ಲಾಡಿದ್ರೂ ಪೂರ್ತಿ ಹೊಳಪು. ಇದು ತಕ್ಕಡಿಯಲ್ಲ ಸ್ವಾಮಿ, ಪ್ರತಿ ಗಿರಾಕಿಗೂ ತೂಕದ ಕಲ್ಲು ಬದಲಾಯಿಸುವ ಅಂಗಡಿ. ಪಾಠಕ್ಕೆ ಅದು ಸರಿ, ಬಾಣ ಇದೆ ಅಂತ ಕಣ್ಣಿಗೆ ತೋರಿಸೋದಷ್ಟೇ ಅದರ ಉದ್ದೇಶ. ಅದನ್ನೇ ಎತ್ತಿ ಜನಸಂದಣಿಯ ಪರದೆಗೆ ಹಾಕಿ, ಮುಂದೆ ಒಬ್ಬ ಪೊಲೀಸಪ್ಪನನ್ನ ಕೂರಿಸಿ, ಕೆಂಪು ಕಂಡ್ರೆ ಫೋನ್ ಮಾಡಿ ಅಂದ್ರೆ ಅವನು ಮೂರನೇ ದಿನಕ್ಕೆ ಪರದೆ ಕಡೆ ನೋಡೋದನ್ನೇ ಬಿಡ್ತಾನೆ. ನಾನಾಗಿದ್ರೂ ಬಿಡ್ತಿದ್ದೆ.

ಬೆಳಕಿನ ವಿಷಯವೂ ಹೀಗೇ. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಹಾಗಾಗಿ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ. ಕ್ಯಾಮೆರಾವನ್ನ 25 ಚೌಕಟ್ಟಿಗೆ ಇಟ್ರೆ ಲೆಕ್ಕ ಸರಿಹೋಗುತ್ತೆ. 30ಕ್ಕೆ ಇಟ್ರೆ ಪ್ರತಿ ಚೌಕಟ್ಟಿನ ಬೆಳಕೂ ಬೇರೆ. ಬೆಳಕು ಸುಮ್ಮನೆ ಒಂದಿಷ್ಟು ಕೂಡಿಕೊಂಡ್ರೆ ಫಾರ್ನೆಬ್ಯಾಕ್ ತಡ್ಕೊಳ್ಳುತ್ತೆ, ಯಾಕಂದ್ರೆ ಬಹುಪದೋಕ್ತಿಯ ಸ್ಥಿರ ಪದವನ್ನ ಅದು ದೂರದ ಲೆಕ್ಕಕ್ಕೆ ಬಳಸೋದೇ ಇಲ್ಲ. ಬೆಳಕು ಗುಣಿಸಿದ ಹಾಗೆ ಏರಿಳಿದ್ರೆ ಉಳಿದ ಗುಣಾಂಕಗಳೂ ಹಿಗ್ಗಿ ಕುಗ್ಗಿ, ಇಲ್ಲದ ಚಲನೆ ಹುಟ್ಟುತ್ತೆ. ಇದನ್ನ ಏಳು ಅಂಕಿಗಳಲ್ಲಿ ಯಾವುದೂ ಸರಿಮಾಡೋದಿಲ್ಲ. ಏಣಿ ಹತ್ತಿ ಕ್ಯಾಮೆರಾದ ಸೆಟ್ಟಿಂಗು ಬದಲಿಸಬೇಕು. ನೆಟ್‌ವರ್ಕಿನಲ್ಲಿ ಚೌಕಟ್ಟು ಕಳೆದುಹೋದಾಗ ರೆಕಾರ್ಡರ್ ಹಳೆಯದನ್ನೇ ಎರಡು ಸಲ ಕೊಟ್ರೆ, ಒಮ್ಮೆ ಎಲ್ಲರೂ ಕಲ್ಲಾಗಿ ನಿಲ್ತಾರೆ, ಮುಂದಿನ ಕ್ಷಣ ಎಲ್ಲರೂ ಎರಡು ಪಟ್ಟು ವೇಗದಲ್ಲಿ ಹಾರ್ತಾರೆ. ಏರುಪೇರು ಅಳೆಯೋಕೆ ಹೊರಟವನಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

"ಅಯ್ಯೋ, ಈ ಮುದಿ ಫಾರ್ನೆಬ್ಯಾಕ್ ಬಿಡಿ ಸರ್, ಈಗ ಎಲ್ಲ ಡೀಪ್ ಲರ್ನಿಂಗ್" ಅನ್ನೋರಿಗೂ ಒಂದು ಮಾತು. 2020ರಲ್ಲಿ ಬಂದ ರಾಫ್ಟ್ ಅನ್ನೋ ಜಾಲ ನಿಜಕ್ಕೂ ದೊಡ್ಡ ಹೆಜ್ಜೆ, ಪರೀಕ್ಷಾ ಅಂಕಗಳಲ್ಲಿ ಫಾರ್ನೆಬ್ಯಾಕ್ ಅದರ ಹತ್ತಿರಕ್ಕೂ ಬರೋದಿಲ್ಲ. ಅದನ್ನ ಕಲಿಸಿದ್ದು ಯಾವುದರ ಮೇಲೆ ಗೊತ್ತಾ? ಕಂಪ್ಯೂಟರಿನಲ್ಲಿ ಹಾರಿಸಿದ ಕುರ್ಚಿಗಳ ಚಿತ್ರಗಳು, ಹಾರುವ ಇನ್ನಷ್ಟು ವಸ್ತುಗಳು, ಒಂದು ಆನಿಮೇಷನ್ ಚಿತ್ರದ ದೃಶ್ಯಗಳು, ಜರ್ಮನಿಯ ಕಾರ್ಲ್ಸ್‌ರೂಹೆಯ ರಸ್ತೆಗಳು. ಕುರ್ಚಿ ಹಾರೋದು ನಮಗೂ ವಿಧಾನಸೌಧದಿಂದ ಪರಿಚಯವೇ, ಆದ್ರೆ ಅದರಿಂದ ದಾದರ್ ಸೇತುವೆ ಅರ್ಥ ಆಗುತ್ತೆ ಅಂತ ಪರೀಕ್ಷೆ ಮಾಡದೇ ಹೇಗೆ ನಂಬೋದು? ಅಲ್ಲಿ ಏಳು ಅಂಕಿ ಕಣ್ಣಿಗೆ ಕಾಣುತ್ತೆ, ಇಲ್ಲಿ ಲಕ್ಷಾಂತರ ಅಂಕಿಗಳು ಕಾಣೋದಿಲ್ಲ, ಅಷ್ಟೇ ವ್ಯತ್ಯಾಸ. ಎಷ್ಟು ಚೌಕಟ್ಟು, ಮೀಟರಿಗೆ ಎಷ್ಟು ಪಿಕ್ಸೆಲ್, ಸ್ಥಳದಲ್ಲಿ ಅಳೆದಿದ್ದೀರಾ ಅನ್ನೋ ಪ್ರಶ್ನೆ ಎರಡಕ್ಕೂ ಒಂದೇ.

ಇನ್ನೊಂದು ಮುಖ್ಯ ಮಾತು. ಬಾಣ ಸೊನ್ನೆ ಅಂದ್ರೆ ಸೇತುವೆ ಖಾಲಿ ಅಂತಲೂ ಆಗಬಹುದು, ಉಸಿರಾಡೋಕೆ ಜಾಗ ಇಲ್ಲದಷ್ಟು ತುಂಬಿದೆ ಅಂತಲೂ ಆಗಬಹುದು. ಆಪ್ಟಿಕಲ್ ಫ್ಲೋ ಒಂದಕ್ಕೇ ಈ ವ್ಯತ್ಯಾಸ ತಿಳಿಯೋದಿಲ್ಲ. ತಲೆ ಎಣಿಸುವ ಬೇರೆ ಲೆಕ್ಕ ಜೊತೆಗೆ ಇರಲೇಬೇಕು. ಕರಪತ್ರದಲ್ಲಿ ಈ ಸಾಲು ಹುಡುಕಿ ನೋಡಿ.

ಬೈದಿದ್ದು ಸಾಕು, ಮಾಡಬೇಕಾದ್ದೇನು ಅಂತ ಕೇಳ್ತೀರಿ. ಸ್ಥಳದ್ದೇ ಒಂದು ಚೌಕಟ್ಟು ತಗೊಳ್ಳಿ. ಅದನ್ನೇ ಕೃತಕವಾಗಿ 2, 5, 10, 20, 40 ಪಿಕ್ಸೆಲ್ ಸರಿಸಿ ಫಾರ್ನೆಬ್ಯಾಕ್‌ಗೆ ಕೊಡಿ. ಎಲ್ಲಿವರೆಗೆ ಸರಿ ಉತ್ತರ ಬರುತ್ತೆ, ಎಲ್ಲಿ ಕೈಕೊಡುತ್ತೆ ಅಂತ ಬರೆದಿಡಿ. ಹತ್ತು ನಿಮಿಷದ ಕೆಲಸ. ಖಾಲಿ ಮೆಟ್ಟಿಲಿನ ರಾತ್ರಿಯ ವಿಡಿಯೋ ಓಡಿಸಿ, ಗಲಾಟೆಯ ಮಟ್ಟ ಎಷ್ಟು ಪಿಕ್ಸೆಲ್ ನೋಡಿ, ಅದಕ್ಕಿಂತ ಕೆಳಗಿನದನ್ನ ಚಲನೆ ಅನ್ನಬೇಡಿ. ಮೊದಲ ಚೌಕಟ್ಟಿಂದ ಎರಡನೆಯದಕ್ಕೆ ಒಮ್ಮೆ, ಎರಡನೆಯದರಿಂದ ಮೊದಲನೆಯದಕ್ಕೆ ಒಮ್ಮೆ ಲೆಕ್ಕ ಹಾಕಿ. ಹೋಗಿದ್ದು ವಾಪಸು ಬರದ ಜಾಗದಲ್ಲಿ ಉತ್ತರವನ್ನ ನಂಬಬೇಡಿ. ಆಮೇಲೆ ನೆಲದ ಮೇಲೆ ಟೇಪಿನಲ್ಲಿ 10 ಮೀಟರ್ ಗುರುತು ಹಾಕಿ ಒಬ್ಬನನ್ನ ಗಡಿಯಾರ ಹಿಡಿದು ನಡೆಸಿ, ಕ್ಯಾಮೆರಾದ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ. ಎರಡೂ ಕಡೆ ಒಂದೇ ವೇಗ ಬರದಿದ್ರೆ ಪಿಕ್ಸೆಲ್ಲನ್ನ ಮೀಟರಿಗೆ ಬದಲಾಯಿಸಿದ್ದು ತಪ್ಪು. ಇಷ್ಟು ಆದ ಮೇಲೆ ಏಳು ಅಂಕಿ ತಿದ್ದಿ. ಆಗಲೂ ಹದಿನೈದೇ ಬಂದ್ರೆ ಇಟ್ಕೊಳ್ಳಿ, ನನ್ನದೇನೂ ತಕರಾರಿಲ್ಲ.

ಇದಕ್ಕೆ ಸಮಯ ಎಲ್ಲಿದೆ ಅಂತ ಕೇಳುವವರು, ಕರಪತ್ರಕ್ಕೆ ಬಣ್ಣ ಹಚ್ಚೋಕೆ ಎಷ್ಟು ದಿನ ತಗೊಂಡ್ರಿ ಅಂತ ಮೊದಲು ಹೇಳಲಿ. ಟೆಂಡರ್ ಬರೆಯುವ ಕನ್ನಡಿಗರು, ಸ್ಮಾರ್ಟ್ ಸಿಟಿ ಕಚೇರಿಗಳಲ್ಲಿ, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಕೂತವರು ಇದನ್ನ ಓದ್ತಿದ್ರೆ ಒಂದು ಷರತ್ತು ಸೇರಿಸಿ: ಏಳು ಅಂಕಿ ಯಾವುವು, ಸೆಕೆಂಡಿಗೆ ನಿಜವಾಗಿ ಎಷ್ಟು ಚೌಕಟ್ಟು ತಲುಪುತ್ತೆ, 10 ಮೀಟರ್ ನಡಿಗೆಯ ಫಲಿತಾಂಶ ಏನು, ಇವಿಷ್ಟನ್ನ ಸ್ಥಳದಲ್ಲೇ ತೋರಿಸಿ ಸಹಿ ಹಾಕಬೇಕು ಅಂತ. ಮೊದಲು ಖಾಲಿ ಮೆಟ್ಟಿಲಿನ ರಾತ್ರಿ ವಿಡಿಯೋ ಹಾಕಿಸಿ. ಪರದೆ ಕಪ್ಪಾಗಿದ್ರೆ ಮಾತ್ರ ಚಹಾ ತರಿಸಿ.